ಮೂರನೆಯವನ ಕೈಗೆ ಹೋದ ಹುಳದ ಸರ

ನಮ್ಮ ಮನೆಯಲ್ಲಿ ಮೀನಿನ ಹೆಸರು ಬರುವುದು ಪಂಚಾಂಗ ಓದುವಾಗ ಮಾತ್ರ, ಅದೂ ರಾಶಿಯ ಸರದಿ ಬಂದಾಗ. ಬನಹಟ್ಟಿಯ ನೇಕಾರರ ಓಣಿಯಲ್ಲಿ ನಮ್ಮದು ಉದ್ದನೆಯ ಮನೆ. ಮುಂದಿನ ಕೋಣೆಯಲ್ಲಿ ನಾಲ್ಕು ಪವರ್‌ಲೂಮ್, ಹಿಂದಿನ ಕೋಣೆಯಲ್ಲಿ ದೇವರು, ನಡುವೆ ಅವ್ವನ ಒಲೆ. ಆ ಒಲೆಯ ಮೇಲೆ ಇಂದಿನವರೆಗೆ ಒಂದು ತತ್ತಿಯೂ ಬೆಂದಿಲ್ಲ. ಇಂಥ ಮನೆಯಲ್ಲಿ ಹುಟ್ಟಿದ ನಾನು ರವಿವಾರ ಬಂತೆಂದರೆ ಬೈಕ್ ಹತ್ತಿ, ಜಮಖಂಡಿ ದಾಟಿ, ತುಬಚಿ ಕಡೆಯ ಹೊಳೆಗೆ ಹೋಗಿ ಮೀನು ಹಿಡಿಯುತ್ತೇನೆ. ಹಿಡಿದದ್ದನ್ನು ಅಲ್ಲೇ ಕೊಟ್ಟು, ಮೂರು ಸಲ ಸೋಪು ಹಚ್ಚಿ, ಒಂದು ಸಲ ನಿಂಬೆಹಣ್ಣು ಉಜ್ಜಿ, ಮುಖದ ಮೇಲೆ ಭಕ್ತಿ ತಂದುಕೊಂಡು ಮನೆಗೆ ಬರುತ್ತೇನೆ. ತಿಂದು ನೋಡಿಲ್ಲ. ಹಾಲು ಕುಡಿಯದವನು ಎಮ್ಮೆ ಸಾಕಿದ ಹಾಗೆ ನನ್ನ ಈ ಹುಚ್ಚು.

ನನ್ನ ಇನ್ನೊಂದು ಹುಚ್ಚು ಊರಿಗೇ ಗೊತ್ತು. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದು ನನ್ನ ಬಾಯಿಂದ ಬರುತ್ತದೆ. ನೂಲಿನ ವ್ಯಾಪಾರಿ ಸುಳ್ಳು ಹೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಜಮಖಂಡಿ ಬಸ್ಸಿನ ಕಂಡಕ್ಟರ್ ಮೂಗಿನಿಂದ ಊರುಗಳ ಹೆಸರು ಕೂಗುವುದು, ನಮ್ಮಪ್ಪ ನಿದ್ದೆಯಲ್ಲಿ ಗೊರಕೆಯನ್ನು ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಮಗ್ಗುಲು ಬದಲಿಸಿ ಮುಗಿಸುವುದು, ಎಲ್ಲವೂ ಬರುತ್ತದೆ. ಹುಡುಗಿಯರ ಮುಂದೆ ನಾನೇ ಮಾತನಾಡುವಾಗ ದನಿ ಕೀಚಲಾಗುವುದನ್ನೂ ಮಾಡಿ ತೋರಿಸುತ್ತೇನೆ, ಪುಕ್ಕಟೆ.

ನನ್ನ ಗೆಳೆಯ ಇದಕ್ಕೆ ತದ್ವಿರುದ್ಧ. ತುಬಚಿ ಕಡೆಯ ಕುರಿ ಮತ್ತು ಹೊಲದ ಮನೆತನ. ಜಮಖಂಡಿಯ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚು. ದಿನಕ್ಕೆ ಹತ್ತು ಮಾತು ಆಡಿದರೆ ಅವನಿಗೆ ಹಬ್ಬ. ಉಳಿದ ಮಾತನ್ನು ಅವನ ಪರವಾಗಿ ನಾನು ಆಡುತ್ತಿದ್ದೆ. ಹೊಳೆಯ ಆಚೆ ಅವರದೊಂದು ತುಂಡು ಹೊಲವಿತ್ತು. ಅಲ್ಲಿಗೆ ಹೋಗಿಬರಲು ತಗಡಿನ ದೋಣಿಯೊಂದನ್ನು ಇಟ್ಟುಕೊಂಡಿದ್ದರು. ಇಬ್ಬರು ಕೂತರೆ ಸರಿ, ಮೂರನೆಯವನು ಹತ್ತಿದರೆ ನೀರೂ ಹತ್ತುತ್ತದೆ.

ಗಾಳ ಹಾಕುವ ಹೊಸ ಉಪಾಯ ನಾನು ತಂದದ್ದು, ಫೋನಿನಿಂದ. ಯಾವುದೋ ತಣ್ಣನೆಯ ದೇಶದ ಸರೋವರ, ಕಿವಿ ಮುಚ್ಚುವ ಟೊಪ್ಪಿಗೆಯ ಮುದುಕ, ಬೆಕ್ಕಿನಂತೆ ಕಣ್ಣು ಹೊಳೆಯುವ ಮೀನು. ಮುದುಕ ಹೇಳಿದ್ದರಲ್ಲಿ ನನಗೆ ತಿಳಿದದ್ದು ಅರ್ಧ. ಆದರೆ ಅವನು ಕೈಯಲ್ಲಿ ಮಾಡಿದ್ದೆಲ್ಲ ತಿಳಿಯಿತು: ಒಂದರ ಹಿಂದೊಂದು ಎರಡು ಸಣ್ಣ ಗಾಳ, ಅವುಗಳ ಮೇಲೆ ಉದ್ದಕ್ಕೆ ಚಾಚಿ ಚುಚ್ಚಿದ ಒಂದು ಎರೆಹುಳ, ಅದರ ಮುಂದೆ ನಾಲ್ಕಾರು ಬಣ್ಣದ ಮಣಿ, ಮಣಿಗಳ ಮುಂದೆ ಗರಗರ ತಿರುಗುವ ಹೊಳೆಯುವ ತಗಡು. ಇದನ್ನು ನೀರಿಗೆ ಬಿಟ್ಟು ದೋಣಿಯ ಹಿಂದೆ ನಿಧಾನಕ್ಕೆ ಎಳೆದುಕೊಂಡು ಹೋಗುವುದು. ತಗಡಿನ ಮಿಂಚು ನೋಡಿ ಮೀನು ಬರುತ್ತದೆ, ಹುಳ ನೋಡಿ ಬಾಯಿ ಹಾಕುತ್ತದೆ.

‘ಇದು ಗಾಳ ಅಲ್ಲಲೇ, ಲಗ್ನದ ಹುಡಿಗಿ ಕೊಳ್ಳಾನ ಸರ’ ಎಂದ ಗೆಳೆಯ. ಅಂದಿನ ಹತ್ತು ಮಾತಿನಲ್ಲಿ ಏಳು ಅಲ್ಲಿಗೇ ಖರ್ಚಾದವು. ಹೆಸರು ಮಾತ್ರ ನಿಂತಿತು: ಹುಳದ ಸರ.

ಸರ ಕಟ್ಟುವುದಕ್ಕೆ ಬೇಕಾದದ್ದೆಲ್ಲ ನಮ್ಮ ಓಣಿಯಲ್ಲೇ ಸಿಕ್ಕಿತು. ಮಣಿಗಳು, ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ಪಕ್ಕದ ಮನೆಯ ಅಕ್ಕನವು. ಕೆಂಪು ಮತ್ತು ಹಸಿರು ಮಾತ್ರ, ಹಳದಿಗೆ ನಮ್ಮ ಹೊಳೆಯ ಮೀನು ಕಣ್ಣೆತ್ತಿ ನೋಡುವುದಿಲ್ಲ. ತಗಡು, ಅವ್ವನ ಸ್ಟೀಲ್ ಚಮಚದ ತಲೆ. ಹಿಡಿಕೆಯನ್ನು ಕತ್ತರಿಸಿ, ಅಂಚನ್ನು ಕಾನಸಿನಿಂದ ಉಜ್ಜಿ, ಮೇಲ್ತುದಿಗೆ ತೂತು ಹೊಡೆಯಬೇಕು. ವರ್ಷದಲ್ಲಿ ಏಳು ಚಮಚ ಕಾಣೆಯಾದಾಗ ಅವ್ವ ಪಾತ್ರೆ ತೊಳೆಯುವವಳ ಮೇಲೆ ಸಿಟ್ಟಾದಳು, ಆಗ ಅವ್ವನಿಗಿಂತ ಜೋರಾಗಿ ನ್ಯಾಯ ಮಾತನಾಡಿದವನು ನಾನು. ತಗಡು ಸರಾಗವಾಗಿ ತಿರುಗಬೇಕಾದರೆ ಅದನ್ನು ಹಿಡಿಯುವ ಪುಟ್ಟ ಬಳೆಯೊಂದು ಬೇಕು. ಮಗ್ಗದಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಒಂದೊಂದು ಎಳೆಯೂ ಒಂದೊಂದು ತಂತಿಯ ಕಣ್ಣಿನಿಂದ ಹಾಯುತ್ತದೆಯಲ್ಲ, ಮುರಿದು ಬಿದ್ದ ಅಂಥ ತಂತಿಗಳ ಕಣ್ಣನ್ನಷ್ಟೇ ಕತ್ತರಿಸಿಕೊಂಡೆ. ಸಾವಿರ ಸಲ ನೂಲು ಓಡಿ ನುಣುಪಾದ ಕಣ್ಣು. ಪೇಟೆಯಲ್ಲಿ ಹುಡುಕಿದರೂ ಅಂಥದ್ದು ಸಿಗುವುದಿಲ್ಲ.

ಹುಳ ಗೆಳೆಯನ ಪಾಲು. ಅವರ ತಿಪ್ಪೆಯ ಒದ್ದೆ ಅಂಚಿನಲ್ಲಿ ಬೆರಳು ದಪ್ಪದವು ಸಿಗುತ್ತಿದ್ದವು. ಹುಳವನ್ನು ತಲೆಯಿಂದ ಒಂದು ಗಾಳಕ್ಕೆ, ನಡುವಿನಿಂದ ಇನ್ನೊಂದಕ್ಕೆ, ಸುಕ್ಕಾಗದಂತೆ ಚುಚ್ಚಬೇಕು. ಸುಕ್ಕಾದರೆ ಅದು ನೀರಿನಲ್ಲಿ ಸುತ್ತಿಕೊಳ್ಳುತ್ತದೆ, ಮೀನು ನಕ್ಕು ಹೋಗುತ್ತದೆ. ದೋಣಿಯ ನಡೆಯೂ ಅವನ ಪಾಲು. ತುಂಬಿದ ಕೊಡ ಹೊತ್ತ ಹೆಂಗಸಿನ ನಡಿಗೆ ಎಷ್ಟೋ ಅಷ್ಟೇ ವೇಗ. ಜೋರಾದರೆ ಸರ ಮೇಲೆದ್ದು ತೇಲುತ್ತದೆ, ಮೆಲ್ಲಗಾದರೆ ತಗಡು ಸತ್ತಂತೆ ಜೋಲುತ್ತದೆ. ಹಿಂದೆ ಕೂತ ನಾನು ಇಪ್ಪತ್ತು ಮಾರು ತಂಗೂಸಿ ಬಿಟ್ಟು, ಆ ನೈಲಾನ್ ಎಳೆಯನ್ನು ತೋರುಬೆರಳಿನ ಮೇಲೆ ಇಟ್ಟುಕೊಳ್ಳುತ್ತಿದ್ದೆ. ತಗಡು ತಿರುಗುವ ನಡುಕ ಅಲ್ಲಿಂದ ಬೆರಳಿಗೆ ಬರುತ್ತದೆ. ನಡುಕ ನಿಂತಿತೆಂದರೆ ಜೊಂಡು ಸಿಕ್ಕಿದೆ, ಇಲ್ಲವೇ ಬಾಯಿ ಸಿಕ್ಕಿದೆ.

ನಮಗೆ ಬೇಕಾದ ಬಾಯಿ ಒಂದೇ. ಹೊಳೆಯ ನೀರನ್ನು ಮೇಲಿನ ಕಾಲುವೆಗೆ ಎತ್ತುವ ಜಾಕ್‌ವೆಲ್ಲಿನ ಗೋಡೆಯ ಹತ್ತಿರ, ಆಳ ಮಡುವಿನಲ್ಲಿ, ಒಂದು ದೊಡ್ಡ ಬಾಳೆ ಮೀನಿತ್ತು. ಅಗಲ ಬಾಯಿ, ಉದ್ದ ಮೀಸೆ, ಒಳಗೆ ಗರಗಸದಂಥ ಹಲ್ಲು. ಒಂದು ಸಂಜೆ ಅದು ನಮ್ಮ ಸರ ಹಿಡಿದು ದೋಣಿಯನ್ನೇ ಅಡ್ಡಕ್ಕೆ ತಿರುಗಿಸಿ, ಗೋಡೆಯ ಚೂಪು ಕಲ್ಲಿಗೆ ತಂಗೂಸಿ ಉಜ್ಜಿ ಹರಿದುಕೊಂಡು ಹೋಯಿತು. ಆಗ ಮೇಲೆ ಬಂದ ಬೆನ್ನನ್ನು ಇಬ್ಬರೂ ಕಂಡಿದ್ದೆವು. ಗೆಳೆಯ ಹುಟ್ಟು ಬಿಟ್ಟು ಕೈಮುಗಿದ. ನಾನು ಬಾಯಿ ಮುಚ್ಚಿದ್ದೆ, ಅದು ಅವನಿಗೆ ಮೀನಿಗಿಂತ ದೊಡ್ಡ ಆಶ್ಚರ್ಯ.

ಆವತ್ತೇ ಅವರ ಊರ ಬೀರಪ್ಪನ ಗುಡಿಗೆ ಹೋದೆವು. ಅವರಲ್ಲಿ ಭಂಡಾರ ಹಚ್ಚಿಕೊಂಡು ಆಡಿದ ಮಾತು ಸಾಯುವವರೆಗೆ ಹಿಡಿಯುತ್ತದೆ. ಗೆಳೆಯ ದೇವರ ಮುಂದಿನ ಅರಿಸಿನ ಪುಡಿಯನ್ನು ನನ್ನ ಹಣೆಗೆ ಹಚ್ಚಿ, ತನ್ನ ಹಣೆಗೂ ಬಳಿದುಕೊಂಡು, ‘ಈ ಸರ ಮೂರನೇದವನ ಕೈಗೆ ಹೋಗಾಂಗಿಲ್ಲ. ನೀರು ಇಳದು ತಿಳಿಯಾದ ಮ್ಯಾಲ ಆ ಮೀನ ನಾವಿಬ್ರ ಹಿಡ್ಯೂದು, ಒಂದ ದೋಣ್ಯಾಗ’ ಎಂದ. ನಾನೂ ಅದೇ ಮಾತು ಹೇಳಿದೆ. ಹೇಳುವಾಗ ಆ ಗುಡಿಯ ಪೂಜಾರಿಯ ನಡುಗುವ ದನಿ ತಾನಾಗಿ ನಾಲಿಗೆಗೆ ಬಂತು. ನನಗೆ ನಗು ತಡೆಯಲಿಲ್ಲ. ಅವನೂ ನಕ್ಕನೆಂದೇ ನಾನು ತಿಳಿದುಕೊಂಡಿದ್ದೆ.

ನೀರು ಇಳಿಯುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಯಲ್ಲಿ ಹಾಸು ಮುಗಿಯತೊಡಗಿತು. ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಎಳೆ ಎಳೆಯಾಗಿ ಜೋಡಿಸುವುದಕ್ಕೆ ಕೆಚ್ಚುವುದು ಎನ್ನುತ್ತೇವೆ. ಮನೆಯಲ್ಲಿ ನನ್ನಷ್ಟು ಚುರುಕಾಗಿ ಕೆಚ್ಚುವವರಿಲ್ಲ. ನನ್ನಿಂದ ಮನೆಗೆ ಇರುವ ಉಪಯೋಗ ಅದೊಂದೇ ಎಂದು ಅಣ್ಣ ಆಗಾಗ ನೆನಪಿಸುತ್ತಾನೆ. ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ನನ್ನ ಮೀನಿನ ಗುಟ್ಟು ಮನೆಯಲ್ಲಿ ತಿಳಿದಿದ್ದವನು ಅವನೊಬ್ಬನೇ. ‘ಹುಳಾ ಮುಟ್ಟಿದ ಕೈಲೆ ನೂಲು ಮುಟ್ಟಬ್ಯಾಡಲೇ, ಹೊಲಸ’ ಎಂದು ಮೂಗು ಹಿಡಿದುಕೊಳ್ಳುತ್ತಿದ್ದ. ಅಂಥವನು ಸತತ ಎರಡು ರವಿವಾರ ನನ್ನನ್ನು ತಡೆದ.

‘ತಮ್ಮಾ, ಈ ರವಿವಾರ ನೀ ಕೆಚ್ಚು. ನಾ ರಬಕವಿಗೆ ನೂಲು ನೋಡಾಕ ಹೊಂಟೀನಿ.’

‘ಯಣ್ಣಾ, ರವಿವಾರ ಯಾವ ಅಂಗಡಿ ತಗದಿರತೈತಿ?’

‘ನನಗಂತ ತಗದಿರತಾರ. ನೀ ಬಾಯಿ ಮುಚ್ಚಿ ಕೈ ಆಡಸು.’

ನಾನು ಗೆಳೆಯನಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. ‘ಹೂಂ’ ಎಂದ. ಬೇಜಾರಾಗಿರಬೇಕು ಪಾಪ ಎಂದುಕೊಂಡು ಎರಡು ರವಿವಾರವೂ ಅವನಿಗಾಗಿ ಮರುಗಿದೆ. ಎಳೆಗೆ ಎಳೆ ಸೇರಿಸುತ್ತ, ಬರುವ ವಾರ ಅವನಿಗೆ ಹೊಸದೊಂದು ಸರ ಕಟ್ಟಿಕೊಡಬೇಕು ಎಂದೂ ಅಂದುಕೊಂಡೆ.

ಎರಡನೆಯ ರವಿವಾರ ಕಳೆದ ಮಾರನೆಯ ದಿನ ಮುಧೋಳದಲ್ಲಿರುವ ನನ್ನ ಸೋದರಮಾವನ ಮಗ ಒಂದು ವಿಡಿಯೊ ಕಳಿಸಿದ. ಗುಂಪಿನಿಂದ ಗುಂಪಿಗೆ ಹಾರಿ ಅವನ ತನಕ ಬಂದಿತ್ತು. ‘ನೋಡ, ನಿಮ್ಮ ಕಡೇದವರು ಹೆಂಗ ಮೀನ ಹಿಡೀತಾರ’ ಎಂದು ಕೆಳಗೆ ಬರೆದಿದ್ದ. ತೆರೆದರೆ ನನ್ನ ಗೆಳೆಯ. ತಗಡಿನ ದೋಣಿ. ಅವನ ಒಂದು ಕೈಯಲ್ಲಿ ಮೊಳಕೈಯುದ್ದದ ಬಾಳೆ ಮೀನು, ದೊಡ್ಡದಲ್ಲ, ಮರಿ ಎನ್ನಬಹುದು. ಇನ್ನೊಂದು ಕೈಯಲ್ಲಿ ನನ್ನ ಸರ. ಕೆಂಪು, ಹಸಿರು, ಕೆಂಪು, ಅವ್ವನ ಚಮಚ, ಮಗ್ಗದ ಕಣ್ಣು. ದಿನಕ್ಕೆ ಹತ್ತು ಮಾತಿನ ಮನುಷ್ಯ ಕ್ಯಾಮೆರಾ ನೋಡುತ್ತ ಮಾತನಾಡುತ್ತಿದ್ದಾನೆ! ‘ಇದನ್ನ ನಾನ ಮಾಡೀನಿ. ಮೊದಲ ಚಮಚಾ ಕೊಯ್ಯಬೇಕು. ಆಮ್ಯಾಲ ಇಲ್ಲಿ ಮಣಿ...’ ಎಂದು ಒಂದೂ ಬಿಡದೆ ಹೇಳಿಕೊಟ್ಟ. ‘ನಾವು’ ಎಂಬ ಮಾತಿಗಾಗಿ ನಾನು ಕಾದೆ. ಬರಲಿಲ್ಲ. ಕೊನೆಗೆ, ‘ಬರೂ ರವಿವಾರ ಜಾಕ್‌ವೆಲ್ಲಿನ ದೊಡ್ಡ ಮೀನ ಹಿಡದ ತೋರಸ್ತೀವಿ’ ಎಂದ. ಅಲ್ಲಿ ಬಂತು ‘ವಿ’. ಆ ‘ವಿ’ಯಲ್ಲಿ ನಾನಿರಲಿಲ್ಲ.

ಫೋನ್ ಹಿಡಿದಿದ್ದವನು ಮುಖ ತೋರಿಸಿರಲಿಲ್ಲ. ಆದರೆ ಮೀನು ಬಾಲ ಬಡಿದಾಗ ಅವನೊಂದು ಸಲ ನಕ್ಕ. ಮೊದಲು ಮೂಗಿನಲ್ಲಿ ಒಂದು ಉಸಿರು, ನಡುವೆ ಸ್ವಲ್ಪ ಖಾಲಿ, ಆಮೇಲೆ ಹೊಟ್ಟೆಯಿಂದ ಎರಡು ಹಿಕ್ಕು. ಆ ನಗುವನ್ನು ನಾನು ಓಣಿಯಲ್ಲಿ, ಮದುವೆಗಳಲ್ಲಿ, ಸ್ವತಃ ಆ ನಗುವಿನ ಯಜಮಾನನ ಮುಂದೆಯೇ ನೂರು ಸಲ ನಕ್ಕು ತೋರಿಸಿದ್ದೇನೆ. ಅದು ನಮ್ಮ ಅಣ್ಣನ ನಗು. ಬೇರೆಯವರಿಗೆ ಅದು ಗುರುತಾಗುತ್ತಿರಲಿಲ್ಲ, ಸುಖವಾಗಿ ಇರುತ್ತಿದ್ದರು. ನನ್ನ ವಿದ್ಯೆ ನನಗೇ ಶತ್ರು.

ಗೆಳೆಯನ ಸ್ಟೇಟಸ್ಸಿನಲ್ಲಿ ಹುಡುಕಿದೆ. ನನಗೆ ಏನೂ ಕಾಣಲಿಲ್ಲ. ಕಾಲೇಜಿನ ಇನ್ನೊಬ್ಬನನ್ನು ಕೇಳಿದರೆ ಅವನಿಗೆ ಕಾಣುತ್ತಿದೆ. ಅಂದರೆ ಹಾಕುವಾಗ ನನ್ನನ್ನೊಬ್ಬನನ್ನೇ ಆರಿಸಿ ಹೊರಗಿಟ್ಟಿದ್ದಾನೆ. ಅಷ್ಟು ಚಾಲಾಕಿತನ ಅವನಿಗೆ ಕಲಿಸಿದವನೂ ನಾನೇ.

ಬುಧವಾರ ಕೆಲಸ ಬಿಟ್ಟು ಹೊಳೆಯ ಹತ್ತಿರದ ಗೆಳೆಯನ ಮನೆಗೆ ಹೋದೆ. ಗೆಳೆಯ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಅವನವ್ವ ನನ್ನನ್ನು ಕಂಡು ಅಕ್ಕರೆಯಿಂದಲೇ ಕರೆದಳು.

‘ಬಾರಪಾ ತಮ್ಮಾ. ನೀ ಬರೇ ಝುಣಕಾ-ರೊಟ್ಟಿ ತಿಂದು ಹೋಗಾಂವ. ನಿಮ್ಮಣ್ಣ ಛಲೋ ನೋಡ, ಮೊನ್ನಿ ಮೀನಿನ ಸಾರು ಹಾಕಿದ್ರ ಎರಡ ತುಂಡ ತಿಂದು ಮ್ಯಾಲ ಸಾರೂ ಕುಡದ.’

ನನ್ನ ಕೈಯನ್ನು ಹೊಲಸು ಎಂದಿದ್ದವನು! ನಾನು ಅಲ್ಲೇ ಕೂತುಬಿಟ್ಟೆ. ಸಿಟ್ಟಿನ ನಡುವೆಯೂ, ಅಣ್ಣ ಮುಳ್ಳು ಬಿಡಿಸಿಕೊಂಡು ತಿನ್ನುವಾಗ ಮುಖ ಹೇಗಿದ್ದೀತು ಎಂದು ನನ್ನ ತುಟಿ ತಾನಾಗಿಯೇ ಅಭ್ಯಾಸ ಮಾಡಿತು.

ಗೆಳೆಯ ಕೊಡ ಕೆಳಗಿಟ್ಟು ಬಂದ. ನಾನು ಫೋನ್ ತೆಗೆದು ವಿಡಿಯೊ ತೋರಿಸಿದೆ. ಅದು ಮುಗಿಯುವವರೆಗೂ ನೋಡಿದ.

‘ಭಂಡಾರ ಮುಟ್ಟಿ ಹೇಳಿದ್ದ್ಯಲ್ಲೋ’ ಎಂದೆ.

‘ನಾ ಹೇಳಿದ್ನಿ. ನೀ ಎಲ್ಲಿ ಹೇಳಿದ್ದಿ?’

‘ನಿನ್ನ ಮುಂದ ಹೇಳಿಲ್ಲೇನಲೇ?’

‘ಪೂಜಾರಿ ದನೀಲೆ ಹೇಳಿದಿ. ಆಣಿ ಮಾಡಾಕತ್ತಾಗರ ನಿನ್ನ ದನಿ ತಗೀತಿ ಅಂತ ಕಾದ್ನಿ. ತಗೀಲಿಲ್ಲ. ಅದು ಆಣಿ ಅಲ್ಲ, ಆಟಾ.’

‘ಅಷ್ಟಕ್ಕ ನಮ್ಮಣ್ಣನ್ನ ಕುಂಡ್ರಿಸಿದಿ?’

‘ಅಂವ ತಾನ ಬಂದಾ. ಕೇಳಿದಾ. ನಾ ಬ್ಯಾಡ ಅಂದಿದ್ರ ಬಿಡ್ತಿದ್ದಾ.’ ಕಾಲಿಗೆ ಬಂದ ಮರಿಯನ್ನು ಪಕ್ಕಕ್ಕೆ ಸರಿಸಿದ. ‘ಅಂವ ಸುಮ್ನ ಕುಂದರತಾನಲೇ. ನೀ ಕುಂತ್ರ ದೋಣ್ಯಾಗ ಹತ್ತ ಮಂದಿ ಕುಂತಂಗ ಆಕ್ಕತಿ. ಕಂಡಕ್ಟರ್ ಬರ್ತಾನ, ನಿಮ್ಮಪ್ಪ ಬರ್ತಾನ, ನಮ್ಮಪ್ಪನ್ನೂ ಬಿಟ್ಟಿಲ್ಲ ನೀ. ನನಗ ಒಬ್ಬ ಬೇಕಿತ್ತು.’

ಮೂರು ವರ್ಷದ ಗೆಳೆತನದಲ್ಲಿ ಅವನು ನನ್ನೊಡನೆ ಒಂದೇ ಉಸಿರಿಗೆ ಇಷ್ಟು ಮಾತನಾಡಿದ್ದು ಅದೇ ಮೊದಲು. ಅದಕ್ಕೆ ಉತ್ತರವಾಗಿ ನನ್ನ ಹತ್ತಿರ ಇದ್ದ ದನಿಗಳನ್ನೆಲ್ಲ ತಡಕಾಡಿದೆ. ಯಾವುದೂ ಸರಿಹೊಂದಲಿಲ್ಲ. ಸರಗಳಿದ್ದ ಪ್ಲಾಸ್ಟಿಕ್ ಡಬ್ಬಿ ಕೇಳಿದೆ. ಒಳಗಿಂದ ತಂದುಕೊಟ್ಟ, ತಡೆಯಲಿಲ್ಲ. ತಡೆದಿದ್ದರೆ ಜಗಳವಾದರೂ ಆಗುತ್ತಿತ್ತು.

ಮನೆಯಲ್ಲಿ ಅಣ್ಣನನ್ನು ಕೇಳಿದ್ದು ಮಗ್ಗಗಳ ಸಪ್ಪಳದ ನಡುವೆ. ಅವ್ವನಿಗೆ ಕೇಳದಿರಲಿ ಎಂದು ನಾನೇ ನಾಲ್ಕನೆಯ ಮಗ್ಗವನ್ನೂ ಚಾಲೂ ಮಾಡಿದ್ದೆ. ನೋಡಿ ನನ್ನ ದೊಡ್ಡತನ.

‘ರಬಕವಿ ನೂಲು ಹೆಂಗಿತ್ತು ಯಣ್ಣಾ? ಸಾರಿಗೆ ಉಪ್ಪು ಸರಿ ಇತ್ತಿಲ್ಲೋ?’

ಅಣ್ಣನ ಕೈ ನಿಂತಿತು. ಅವನು ಸುಳ್ಳು ಹೇಳಲಿಲ್ಲ, ಅದೊಂದು ಮೆಚ್ಚಬೇಕು.

‘ಹೌದ, ಹೋಗಿದ್ನಿ. ಏನೀಗ?’

‘ನನಗೊಂದ ಮಾತ ಕೇಳಿದ್ರ ಕರಕೊಂಡ ಹೋಗ್ತಿರಲಿಲ್ಲೇನು?’

‘ನಿನಗ ಕೇಳಬೇಕಾ? ಕೇಳಿದ್ರ ಮಾರನೇ ದಿನಾ ಓಣಿ ತುಂಬ ನನ್ನ ಆಡಿ ತೋರಸ್ತಿದ್ದಿ. ಹುಳಾ ಹಿಡ್ಯಾಕ ಹೆಂಗ ಹೇಸಿದಾ, ದೋಣ್ಯಾಗ ಹೆಂಗ ಅಂಜಿದಾ ಅಂತ. ಹದಿನೈದು ವರ್ಷ ಈ ಸಪ್ಪಳದಾಗ ಕುಂತೀನಿ ತಮ್ಮಾ. ಅಲ್ಲಿ ಸಪ್ಪಳ ಇರಲಿಲ್ಲ. ಅಷ್ಟ.’

ಆ ಮಾತು ಒಳಗೆ ಹೋಗಬೇಕಿತ್ತು. ಹೋಯಿತು ಕೂಡ. ಆದರೆ ಅದಕ್ಕಿಂತ ಮುಂಚೆ ಹೋಗಿ ಕೂತಿದ್ದು ಬೇರೆಯದು: ನನ್ನನ್ನು ಕೆಚ್ಚುವ ಕೆಲಸಕ್ಕೆ ಕಟ್ಟಿ ಕೂರಿಸಿ ಹೋದದ್ದು. ನಾನು ಇಲ್ಲಿ ಎಳೆ ಎಳೆ ಜೋಡಿಸುತ್ತಿದ್ದಾಗ ಇವರು ಅಲ್ಲಿ ನನ್ನ ಸರ ಎಳೆಯುತ್ತಿದ್ದರು. ಅಣ್ಣ ‘ಈ ರವಿವಾರ ನೀನ ಹೋಗು’ ಎನ್ನಬಹುದೆಂದು ಎರಡು ದಿನ ಕಾದೆ. ಅನ್ನಲಿಲ್ಲ.

ಶನಿವಾರ ಮಧ್ಯಾಹ್ನ ಅಣ್ಣ, ನನ್ನಿಂದ ಇನ್ನು ಮುಚ್ಚಿಡುವುದೇನಿದೆ ಎಂಬಂತೆ, ಮಗ್ಗದ ಪಕ್ಕದಲ್ಲೇ ಸರ ಕಟ್ಟಲು ಕೂತ. ಡಬ್ಬಿ ನಾನು ತಂದುಬಿಟ್ಟಿದ್ದರಿಂದ ಅವನಿಗೆ ಹೊಸದೇ ಬೇಕಾಗಿತ್ತು. ಚಮಚ ಚೆನ್ನಾಗಿ ಕೊಯ್ದಿದ್ದ. ಮಣಿಯೂ ಸರಿ. ಗಾಳಕ್ಕೆ ತಂಗೂಸಿ ಕಟ್ಟುವಾಗ ಮಾತ್ರ ಅವನ ಬೆರಳು ತಮಗೆ ಗೊತ್ತಿದ್ದ ಕೆಲಸ ಮಾಡಿದವು: ಒಂದು ಮಡಿಕೆ, ಒಂದು ಸುತ್ತು, ಹೆಬ್ಬೆರಳಿನ ಒತ್ತು. ನೇಕಾರರ ಗಂಟು. ಮಗ್ಗದಲ್ಲಿ ಹರಿದ ಎಳೆಯನ್ನು ಕಣ್ಣು ಮಿಟುಕಿಸುವುದರೊಳಗೆ ಸೇರಿಸುವ, ಎಂಥ ಸಣ್ಣ ಸಂದಿನಲ್ಲೂ ತೊಡಕಾಗದೆ ಹಾಯುವ ಗಂಟು. ಹತ್ತಿ ನೂಲಿನ ಮೇಲೆ ಅದು ಬಿಗಿದರೆ ಬಿಚ್ಚಲು ಹಲ್ಲು ಬೇಕು. ತಂಗೂಸಿಯ ಮೇಲೆ, ಅದೂ ಒದ್ದೆಯಾದ ಮೇಲೆ, ಭಾರ ಬಿತ್ತೆಂದರೆ ಮೆಲ್ಲಗೆ ಜಾರುತ್ತದೆ. ಸಣ್ಣ ಮೀನಿಗೆ ತಡೆಯುತ್ತದೆ, ದೊಡ್ಡದಕ್ಕೆ ಇಲ್ಲ. ಇದು ನಮ್ಮ ಜಾತಿಯ ಕೈಗಳು ಮಾತ್ರ ಮಾಡುವ ತಪ್ಪು. ಮೊದಮೊದಲು ನಾನೂ ಇದನ್ನೇ ಮಾಡಿ, ಗೆಳೆಯನ ಬೈಗುಳ ತಿಂದು, ಏಳು ಸುತ್ತಿನ ಬೇರೆ ಗಂಟು ಕಲಿತಿದ್ದೆ.

ಅಣ್ಣ ಗಂಟನ್ನು ಎಳೆದು ನೋಡಿದ. ಒಣಗಿದ್ದರಿಂದ ನಿಂತಿತು. ನನ್ನ ಕಡೆ ತಿರುಗಿ, ‘ಹೆಂಗೈತಿ?’ ಎಂದ. ಮೊದಲ ಸಲ ಅವನು ನನ್ನನ್ನು ಏನಾದರೂ ಕೇಳಿದ್ದು.

‘ಛಲೋ ಐತಿ’ ಎಂದೆ. ನನ್ನದೇ ದನಿಯಲ್ಲಿ.

ರವಿವಾರ ನಾನು ಮನೆಯಲ್ಲೇ ಇದ್ದೆ. ಹೊತ್ತು ನೆತ್ತಿಗೆ ಬಂದಾಗ ಅಣ್ಣ ಬಂದ, ಮೊಳಕಾಲಿನ ತನಕ ಕೆಸರು. ನನ್ನ ಮುಂದೆ ಕೂತು ಜೇಬಿನಿಂದ ತಂಗೂಸಿಯ ತುದಿ ತೆಗೆದು ತೋರಿಸಿದ. ಕಲ್ಲಿಗೆ ಉಜ್ಜಿ ಹರಿದದ್ದು ತರಿತರಿಯಾಗಿರುತ್ತದೆ, ಹಲ್ಲಿಗೆ ಸಿಕ್ಕಿದ್ದು ಚಪ್ಪಟೆಯಾಗಿರುತ್ತದೆ. ಇದು ಹಂದಿಯ ಬಾಲದಂತೆ ಅಚ್ಚುಕಟ್ಟಾಗಿ ಸುರುಳಿ ಸುತ್ತಿಕೊಂಡಿತ್ತು, ಗಂಟು ಜಾರಿ ಬಿಚ್ಚಿದ ಗುರುತು.

‘ಹತ್ತಿತ್ತು ತಮ್ಮಾ. ದೋಣಿ ಬಾಜೂಕ್ಕ ಬಂದಿತ್ತು. ಕಣ್ಣ ನೋಡಿದ್ನಿ ಅದರದು. ಹಂಗ ಬಿಟ್ಟ ಹೋತು. ಯಾಕ ಹೋತೋ ಏನೋ.’

ಅಣ್ಣನಿಗೆ ಯಾಕೆಂದು ತಿಳಿದಿರಲಿಲ್ಲ. ತಿಳಿದವನು ಇನ್ನೊಬ್ಬನಿದ್ದ. ಸಂಜೆ ನಾಲ್ಕರ ಸುಮಾರಿಗೆ ಗೆಳೆಯನ ದನಿಯ ಸಂದೇಶ ಬಂತು. ಹಿಂದೆ ಕುರಿಗಳ ಸದ್ದು. ಬೈದಿರಲಿಲ್ಲ, ಕೂಗಿರಲಿಲ್ಲ.

‘ಸುರಳಿ ನೋಡಿದ್ನಿ. ನಿಮ್ಮಣ್ಣ ನಿನ್ನ ಮುಂದ ಕುಂತ ಕಟ್ಟಿದ್ನಂತ. ಹೆಂಗೈತಿ ಅಂತ ಕೇಳಿದ್ನಂತ. ಅಂವಗ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು.’

ಫೋನ್ ಕಿವಿಗೆ ಒತ್ತಿ ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳಲಿಲ್ಲ. ಮೋಸ ಹೋದವನು ನಾನು ಎಂಬ ಲೆಕ್ಕ ನನ್ನ ಹತ್ತಿರ ಇನ್ನೂ ಇತ್ತು, ಖರೆಯಾಗಿಯೂ ಇತ್ತು. ಆದರೆ ಅದನ್ನು ಅವನಿಗೆ ಹೇಳಲು ಹೊರಟರೆ ಮೊದಲು ‘ಛಲೋ ಐತಿ’ ಎಂಬ ಎರಡು ಮಾತು ಅಡ್ಡ ನಿಲ್ಲುತ್ತಿದ್ದವು. ಎಲ್ಲೋ ಮಡುವಿನ ತಳದಲ್ಲಿ ಆ ಮೀನು ಬಾಯಲ್ಲಿ ಎರಡು ಗಾಳ ಇಟ್ಟುಕೊಂಡು ಗೋಡೆಗೆ ಮೈ ಉಜ್ಜುತ್ತಿರಬೇಕು. ಅದರದು ಯಾರ ಜೊತೆಗೂ ಜಗಳವಿರಲಿಲ್ಲ.

‘ಯಾರದು? ಏನಂದಾ?’ ಅಣ್ಣ ಕೇಳಿದ.

‘ಏನಿಲ್ಲ.’

‘ಬರೂ ವಾರ ಮತ್ತ ಹೋಗೂನು ಅಂದಾನೇನು?’

ನಾನು ತಲೆ ಅಲ್ಲಾಡಿಸಿದೆ. ಹೌದೆಂದೋ ಅಲ್ಲವೆಂದೋ ಅವನಿಗೆ ತಿಳಿಯದ ಹಾಗೆ. ಅವನು ಹೌದೆಂದೇ ತಿಳಿದ. ಚೀಲದಿಂದ ಹೊಸ ಗಾಳ ತೆಗೆದು, ತಂಗೂಸಿಯನ್ನು ತುಟಿಗೆ ತಾಗಿಸಿ ತೇವ ಮಾಡಿಕೊಂಡು, ಬೆಳಕಿನ ಕಡೆ ತಿರುಗಿ ಕೂತ. ಒಂದು ಮಡಿಕೆ, ಒಂದು ಸುತ್ತು. ಹೆಬ್ಬೆರಳು ಒತ್ತುವ ಮುಂಚೆ ತಡೆದು ನನ್ನ ಮುಖ ನೋಡಿದ.

ನಾನು ಇನ್ನೂ ಬಾಯಿ ತೆರೆದಿರಲಿಲ್ಲ.